ಕಿಟಕಿ ಸಾಲಿನ ಏಳು ಮರಿ

ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು. ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ಆಸ್ಪತ್ರೆಯ ಹಿಂಭಾಗದ ಪ್ರಾಣಿಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಬಿಳಿ ಇಲಿಗಳನ್ನು ಸಾಕಿದ ಆಕೆ, ದೊಡ್ಡ ಡಾಕ್ಟರಿಂದ ಹಿಡಿದು ಗೇಟು ಕಾಯುವ ತಾತನವರೆಗೆ ಎಲ್ಲರಿಗೂ ಇಲಿಯಕ್ಕ.

ಅವರು ಓದಿದ್ದು ಕಡಿಮೆ. ಅಕ್ಷರ ದುಂಡಗೆ ಬರೆಯುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಗುಡಿಸುವ ಕೆಲಸದಿಂದ ಗೂಡುಗಳ ಕೆಲಸಕ್ಕೆ ಬಂದವರು. ಬೆಳಿಗ್ಗೆ ಬೀಗ ತೆಗೆಯುವ ಮುಂಚೆ ಬಾಗಿಲಿಗೆ ಅಂಗೈ ಒತ್ತಿ ಒಂದು ಗಳಿಗೆ ನಿಲ್ಲುತ್ತಿದ್ದರು. "ಇವತ್ತು ನನ್ನ ಕೈಯಿಂದ ಯಾವುದಕ್ಕೂ ಸುಮ್ಮಸುಮ್ಮನೆ ನೋವಾಗದಿರಲಿ" ಎಂದಷ್ಟೇ ಅವರ ಪ್ರಾರ್ಥನೆ. ಆ ಮೇಲೆ ಒಳಗಿನ ವಾಸನೆ ಅವರನ್ನು ತಬ್ಬಿಕೊಳ್ಳುತ್ತಿತ್ತು, ಸಂಜೆ ಮನೆಯವರೆಗೂ ಬಿಡುತ್ತಿರಲಿಲ್ಲ. ಅವರು ತಂಗಿಯ ಮನೆಯಲ್ಲಿ ಇದ್ದರು. "ಅಕ್ಕ, ಸೀರೆ ಬಚ್ಚಲಲ್ಲಿ ಬಿಟ್ಟು ಒಳಗೆ ಬಾ. ನೀನು ಬಂದೆ ಅಂತ ನನಗೆ ಮೂಗೇ ಹೇಳುತ್ತೆ" ಎಂದು ತಂಗಿ ದಿನವೂ ಛೇಡಿಸುತ್ತಿದ್ದಳು.

ಪ್ರಾಣಿಮನೆಯಲ್ಲಿ ಎರಡು ಕಪಾಟುಗಳು. ಕಿಟಕಿಯ ಪಕ್ಕದ್ದು ಕಿಟಕಿ ಸಾಲು, ಎದುರಿನದು ಗೋಡೆ ಸಾಲು. ಎರಡರಲ್ಲೂ ಅದೇ ಬಿಳಿ ಮೈ, ಅದೇ ಕೆಂಪು ಕಣ್ಣು. ಆದರೆ ವಂಶ ಬೇರೆ. ಒಂದೊಂದು ವಂಶವೂ ಎಷ್ಟೋ ತಲೆಮಾರಿನಿಂದ ತಮ್ಮತಮ್ಮಲ್ಲೇ ಮರಿ ಹಾಕುತ್ತ ಬಂದದ್ದರಿಂದ, ಒಂದು ಸಾಲಿನೊಳಗಿನ ಇಲಿಗಳೆಲ್ಲ ಅವಳಿಗಳಿದ್ದ ಹಾಗೆ. ಕಿಟಕಿ ಸಾಲಿನ ಇಲಿಗೆ ಅದೇ ಸಾಲಿನ ಚರ್ಮದ ತೇಪೆ ಹಾಕಿದರೆ ಅಂಟಿಕೊಂಡು ಬದುಕುತ್ತದೆ. ಗೋಡೆ ಸಾಲಿನದು ಹಾಕಿದರೆ ಮೊದಲ ವಾರ ಚೆನ್ನಾಗಿಯೇ ಕೂತಿರುತ್ತದೆ. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಕಪ್ಪಾಗಿ, ಒಣಗಿ, ಉದುರಿಬೀಳುತ್ತದೆ.

"ಮೈಯಷ್ಟು ಅನುಮಾನದ ಪ್ರಾಣಿ ಇನ್ನೊಂದಿಲ್ಲ ಇಲಿಯಕ್ಕ" ಎನ್ನುತ್ತಿದ್ದರು ಸಣ್ಣ ಡಾಕ್ಟರು. "ತನ್ನದಲ್ಲ ಅಂತ ಗೊತ್ತಾದ್ರೆ ಸಾಕು, ಹೊರಗೆ ಹಾಕೋವರೆಗೂ ಅದಕ್ಕೆ ಸಮಾಧಾನ ಇಲ್ಲ. ಅದರ ಅನುಮಾನಕ್ಕೆ ಜೋಗುಳ ಹಾಡೋ ಔಷಧಿ ಬೇಕು ನನಗೆ."

ಸಣ್ಣ ಡಾಕ್ಟರೆಂದರೆ ವಯಸ್ಸಿನಲ್ಲಿ ಸಣ್ಣವರು, ಆತುರದಲ್ಲಿ ದೊಡ್ಡವರು. ಅವರು ತಯಾರಿಸಿದ ಔಷಧಿಯ ಮೊದಲ ಬಾಟಲಿಯನ್ನು ಕಿಟಕಿ ಸಾಲಿನ ಇಪ್ಪತ್ತಮೂರು ಇಲಿಗಳಿಗೆ ಚುಚ್ಚಿ, ಗೋಡೆ ಸಾಲಿನ ಚರ್ಮ ಹಾಕಿದ್ದರು. ಇಪ್ಪತ್ತಮೂರೂ ಉದುರಿದವು. ಎರಡನೆಯ ಬಾಟಲಿಯನ್ನು ಸ್ವಲ್ಪ ಬೇರೆ ರೀತಿ ಮಾಡಿ, ಅದೇ ಸಾಲಿನ ಏಳು ಮರಿಗಳಿದ್ದ ಒಂದೇ ಗೂಡಿಗೆ ಕೊಟ್ಟು, ಗೋಡೆ ಸಾಲಿನ ಚರ್ಮವನ್ನೇ ಹಾಕಿದರು. ಆ ಏಳರಲ್ಲಿ ಐದರ ತೇಪೆ ಎಪ್ಪತ್ತು ದಿನ ದಾಟಿದರೂ ಗಟ್ಟಿಯಾಗಿ ಕೂತಿತ್ತು.

ಪ್ರಾಣಿಮನೆಯ ಗಾಳಿಯೇ ಬದಲಾಯಿತು. ಸಣ್ಣ ಡಾಕ್ಟರು ದಿನಕ್ಕೆ ಮೂರು ಸಲ ಬಂದು ಆ ಗೂಡನ್ನು ಎತ್ತಿ ನೋಡುತ್ತಿದ್ದರು. ಇನ್ನೂ ಇಪ್ಪತ್ತು ಇಲಿಗಳಿಗೆ ಎರಡನೆಯ ಬಾಟಲಿ ಕೊಟ್ಟು ತೇಪೆ ಹಾಕಿದರು. ಬೇರೆ ಯಾರೂ ಒಳಗೆ ಬರಬಾರದೆಂದು ಬಾಗಿಲಿಗೆ ಕಾಗದ ಅಂಟಿಸಿದರು. ಇಲಿಯಕ್ಕನನ್ನು ಕೂಡ ಒಂದು ದಿನ ನಿಲ್ಲಿಸಿ ಕೇಳಿದರು: "ದೊಡ್ಡ ಡಾಕ್ಟ್ರು ನಿಮ್ಮನ್ನ ಏನಾದ್ರೂ ಕೇಳಿದ್ರಾ?"

"ಹೊಟ್ಟು ಮುಗಿದಿದೆಯಾ ಅಂತ ಕೇಳಿದ್ರು ಸಾರ್."

"ಅಷ್ಟೇನಾ?"

ಅಷ್ಟೇ. ಗೂಡಿಗೆ ಹಾಸುವ ಮರದ ಹೊಟ್ಟಿನ ವಿಷಯ ಅದು. ಆದರೆ ಆ ಪ್ರಶ್ನೆಯ ನಂತರ ಇಲಿಯಕ್ಕನಿಗೂ ಒಂದು ಮುಳ್ಳು ನೆಟ್ಟಿತು. ಮುಚ್ಚಿಡುವಂಥದ್ದು ಏನಿದೆ?

ಮುಂದಿನ ರಜೆಯ ದಿನ ಬೆಳಿಗ್ಗೆ ಕಾಳು ಹಾಕಲು ಹೋದಾಗ ಬೀಗ ಆಗಲೇ ತೆಗೆದಿತ್ತು. ಸಣ್ಣ ಡಾಕ್ಟರು ಕಿಟಕಿ ಸಾಲಿನ ಮುಂದೆ, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರು. ಗೂಡುಗಳ ಮುಂದಿನ ಚೀಟಿಗಳೆಲ್ಲ ಅವರ ಕೈಯಲ್ಲಿದ್ದವು. ಹೆಜ್ಜೆ ಸದ್ದಿಗೆ ಬೆಚ್ಚಿಬಿದ್ದು ಎರಡು ಚೀಟಿ ಕೆಳಗೆ ಬೀಳಿಸಿದರು.

"ನೀವು ಇವತ್ತೂ ಬರ್ತೀರಾ?"

"ರಜಾ ನಮಗೆ ಸಾರ್. ಇಲಿ ಹೊಟ್ಟೆಗಲ್ಲ."

ಅವರು ನಗಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಸಿಕ್ಕಿಸಿ ಹೊರಟುಹೋದರು. ಇಲಿಯಕ್ಕ ಗೇಟಿನಲ್ಲಿ ತಾತನನ್ನು ಕೇಳಿದಾಗ ಆತ ಬೀಡಿ ಆರಿಸಿ ಕಣ್ಣು ಮಿಟುಕಿಸಿದ. "ನಾಲ್ಕು ರಜೆಯಿಂದ ನೋಡ್ತಾ ಇದ್ದೀನಿ ತಾಯಿ. ಬರ್ತಾರೆ, ಹೋಗ್ತಾರೆ, ನನ್ನ ಮುಖ ನೋಡಲ್ಲ. ಮದುವೆ ಆಗದವರು ರಜೆ ದಿನ ಇಲಿ ನೋಡೋಕೆ ಬರ್ತಾರೆ ಅಂದ್ರೆ ಒಂದೋ ತಲೆ ಕೆಟ್ಟಿದೆ, ಇಲ್ಲ ಏನೋ ಕಿತಾಪತಿ ಇದೆ."

ಇಲಿಯಕ್ಕನ ಮನಸ್ಸು ಅಲ್ಲಿಂದ ಒಂದೇ ದಾರಿ ಹಿಡಿಯಿತು. ಚೀಟಿ ಬದಲಾದರೆ ಇಲಿ ಬದಲಾದಂತೆ. ಬಿದ್ದುಹೋದ ತೇಪೆಯ ಗೂಡಿನ ಚೀಟಿ ಬೇರೆ ಕಡೆ, ನಿಂತ ತೇಪೆಯ ಚೀಟಿ ಇಲ್ಲಿ. ಯಾರಿಗೆ ತಿಳಿಯಬೇಕು? ಬಿಳಿ ಮೈ, ಕೆಂಪು ಕಣ್ಣು.

ಇದು ಅವರ ಮನಸ್ಸಿನಲ್ಲೇ ಉಳಿದು ಹಳಸಿಹೋಗುತ್ತಿತ್ತೇನೋ. ಆದರೆ ಎರಡು ದಿನ ಬಿಟ್ಟು, ಸುಟ್ಟಗಾಯದ ವಾರ್ಡಿನ ಹೊರಗಿನ ನಲ್ಲಿಯ ಹತ್ತಿರ ಒಬ್ಬ ಹೆಂಗಸು ಅವರ ಸೆರಗು ಹಿಡಿದು ನಿಲ್ಲಿಸಿದಳು.

"ಅಕ್ಕಾ, ಇಲಿ ನೋಡ್ಕೊಳ್ಳೋರು ನೀವೇ ಅಲ್ವಾ? ವಾಸನೇಲೇ ಗೊತ್ತಾಯ್ತು. ತಪ್ಪು ತಿಳ್ಕೋಬೇಡಿ."

ಬಟ್ಟೆ ಹೊಲಿಯುವವಳು. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ತೆಗೆಯುವ ನೆನಪೇ ಆಗದವಳ ಹಾಗೆ. ಅವಳ ಹನ್ನೊಂದು ವರ್ಷದ ಮಗಳು ವಾರ್ಡಿನೊಳಗೆ ಮಲಗಿದ್ದಳು. ಒಲೆಯ ಉರಿ ತಾಗಿ ಎದೆ, ಹೊಟ್ಟೆ, ಎರಡು ತೊಡೆ ಸುಟ್ಟಿದ್ದವು. ಗಾಯ ಮುಚ್ಚಲು ಚರ್ಮ ಬೇಕು. ಮಗುವಿನ ಬೆನ್ನೊಂದು ಸುಡದೆ ಉಳಿದಿತ್ತು, ಆದರೆ ಈಗಾಗಲೇ ಬಸವಳಿದಿರುವ ಆ ಮೈಯನ್ನು ಇನ್ನಷ್ಟು ಕೆರೆಯುವುದೇಕೆ, ತಾಯಿಯ ತೊಡೆಯ ಚರ್ಮ ತೆಗೆದು ಹಾಕಿ ಔಷಧಿ ಕೊಟ್ಟರೆ ಒಂದೇ ಸಲಕ್ಕೆ ಶಾಶ್ವತವಾಗಿ ನಿಲ್ಲುತ್ತದೆ ಎಂದು ಸಣ್ಣ ಡಾಕ್ಟರು ಹೇಳಿದ್ದರು. ನಾಳಿದ್ದು ಬೆಳಿಗ್ಗೆ ಆಪರೇಷನ್ನು.

"ನನ್ನ ಎರಡು ತೊಡೆದೂ ತಗೋತಾರಂತೆ. ಮೂರು ತಿಂಗಳು ಮೆಷಿನ್ನು ತುಳಿಯೋ ಹಾಗಿಲ್ಲ. ತಗೊಳ್ಲಿ ಅಕ್ಕ, ಬೇಕಾದ್ರೆ ಮುಖದ್ದೂ ತಗೊಳ್ಲಿ. ಆದ್ರೆ ಕೇಳಿದ್ದಕ್ಕೆಲ್ಲ ಆ ಡಾಕ್ಟ್ರು 'ಇಲೀಲಿ ನಿಂತಿದೆ, ಇಲೀಲಿ ನಿಂತಿದೆ' ಅಂತಾರೆ. ಇಲಿ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ನಿಜವಾಗ್ಲೂ ನಿಂತಿದೆಯಾ?"

"ನಿಂತಿದೆ" ಎಂದರು ಇಲಿಯಕ್ಕ. ಕಣ್ಣಾರೆ ಕಂಡದ್ದೇ. ಆದರೂ ಹೇಳುವಾಗ ಕಣ್ಣು ನಲ್ಲಿಯ ಕಡೆ ಹೋಯಿತು.

"ಹಾಗಾದ್ರೆ ಯಾಕೆ ನನ್ನ ಮುಖ ನೋಡ್ತಿಲ್ಲ ನೀವು?"

ಇಲಿಯಕ್ಕ ಸೆರಗು ಬಿಡಿಸಿಕೊಂಡು ನೇರ ಪ್ರಾಣಿಮನೆಗೆ ಬಂದರು. ಔಷಧಿ ಸುಳ್ಳಾಗಿದ್ದರೆ ಆಗುವುದೇನೆಂದು ಅವರಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಎರಡು ವಾರ ಚೆಂದ ಕಾಣುತ್ತದೆ. ಆ ಮೇಲೆ ತಾಯಿಯ ಚರ್ಮ ಮಗಳ ಮೈಮೇಲೆ ಕೊಳೆಯುತ್ತದೆ. ತಾಯಿಯ ತೊಡೆ ಹಸಿಗಾಯ, ಮಗುವಿನ ಗಾಯ ಇದ್ದಲ್ಲೇ, ನಡುವೆ ಕಳೆದ ಹದಿನೈದು ದಿನ ಯಾರೂ ವಾಪಸು ಕೊಡುವುದಿಲ್ಲ.

ಮೋಸ ಹಿಡಿಯುವ ಒಂದು ಉಪಾಯ ಅವರ ಬೆರಳಿನಲ್ಲಿತ್ತು. ಇಲಿಗೆ ತೇಪೆ ಹಾಕುವಾಗ ಡಾಕ್ಟರುಗಳು ಬೇಕೆಂದೇ ಅದನ್ನು ತಲೆಕೆಳಗು ತಿರುಗಿಸಿ ಕೂರಿಸುತ್ತಾರೆ. ಇಲಿಯ ಕೂದಲು ಬಾಲದ ಕಡೆಗೆ ಮಲಗಿದರೆ, ತೇಪೆಯ ಕೂದಲು ತಲೆಯ ಕಡೆಗೆ ಮಲಗುತ್ತದೆ. ಬೇರೆಯವರ ಚರ್ಮ ಯಾವುದು, ಸ್ವಂತದ್ದು ಯಾವುದು ಎಂದು ಮುಂದೆ ಗೊಂದಲವಾಗಬಾರದೆಂದು ಈ ಪದ್ಧತಿ. ಚೀಟಿ ಬದಲಾಯಿಸಿ ಯಾವುದೋ ಸಾಧಾರಣ ಇಲಿಯನ್ನು ತಂದಿಟ್ಟಿದ್ದರೆ ಅದರ ಬೆನ್ನು ಒಂದೇ ಕಡೆಗೆ ನುಣುಪಾಗಿರಬೇಕು.

ಐದನ್ನೂ ಒಂದೊಂದಾಗಿ ಅಂಗೈಯಲ್ಲಿ ಕೂರಿಸಿಕೊಂಡು ಕತ್ತಿನಿಂದ ಬಾಲದವರೆಗೆ ಬೆರಳು ಎಳೆದರು. ನುಣುಪು, ನುಣುಪು, ಆಮೇಲೆ ಒಂದು ಕಡೆ ಕೂದಲು ಎದುರು ನಿಂತಿತು. ಎರಡನೆಯದಕ್ಕೂ ಹಾಗೆಯೇ. ಐದಕ್ಕೂ. ನಂಬರಿನ ಗುರುತಿಗೆಂದು ಕಿವಿಯಲ್ಲಿ ತಾವೇ ಹಾಕಿದ ತೂತುಗಳನ್ನು ಎಣಿಸಿದರು. ಮೂರು, ನಾಲ್ಕು, ಐದು, ಆರು, ಏಳು. ಚೀಟಿಯಲ್ಲಿದ್ದದ್ದೂ ಅದೇ. ಯಾರೂ ಏನನ್ನೂ ಬದಲಿಸಿರಲಿಲ್ಲ. ಸಣ್ಣ ಡಾಕ್ಟರು ರಜೆಯ ದಿನ ಬಂದು ಚೀಟಿಯಲ್ಲಿದ್ದದ್ದನ್ನು ಸುಮ್ಮನೆ ತಮ್ಮ ಪುಸ್ತಕಕ್ಕೆ ಬರೆದುಕೊಂಡು ಹೋಗುತ್ತಿದ್ದರು, ಅಷ್ಟೇ.

ನಾಚಿಕೆಯಾಯಿತು. ಒಬ್ಬ ಒಳ್ಳೆಯ ಮನುಷ್ಯನನ್ನು ಮನಸ್ಸಿನಲ್ಲಿ ಕಳ್ಳನೆಂದು ನಿಲ್ಲಿಸಿದ್ದಕ್ಕೆ ದೇವರಲ್ಲಿ ಕ್ಷಮೆ ಕೇಳುತ್ತ ಇಲಿಗಳನ್ನು ಗೂಡಿಗೆ ಬಿಟ್ಟರು. ಚೀಟಿಯನ್ನು ಸಿಕ್ಕಿಸುವಾಗ ತಮ್ಮದೇ ದುಂಡನೆಯ ಅಕ್ಷರ ಕಣ್ಣಿಗೆ ಬಿತ್ತು. ಹುಟ್ಟಿದ ಮರಿ: ಏಳು.

ಏಳು.

ಬಿದ್ದದ್ದು ಎರಡು, ನಿಂತದ್ದು ಐದು.

ಗೂಡಿನ ಮುಂದೆ ಬಗ್ಗಿ ಅವರು ಮತ್ತೊಮ್ಮೆ ಎಣಿಸಿದರು.

ಆರು ತಿಂಗಳ ಹಿಂದೆ ಗೋಡೆ ಸಾಲಿನ ಒಂದು ಇಲಿ ಐದು ಮರಿ ಹಾಕಿ ಆ ಬೆಳಿಗ್ಗೆಯೇ ಸತ್ತಿತ್ತು. ತಾಯಿ ಸತ್ತ ಮರಿಗಳನ್ನು ಉಳಿಸುವಂತಿಲ್ಲ ಎಂಬುದು ಪ್ರಾಣಿಮನೆಯ ನಿಯಮ. ಬೆರಳ ತುದಿಯಷ್ಟಿದ್ದ ಗುಲಾಬಿ ಮರಿಗಳು ಅಂಗೈಯಲ್ಲಿ ಬಾಯಿ ಆಡಿಸುತ್ತಿದ್ದವು. ಎದುರಿನ ಕಿಟಕಿ ಸಾಲಿನಲ್ಲಿ ಹೆತ್ತು ಮೂರು ದಿನವಾದ ತಾಯಿಯೊಂದಿತ್ತು, ಅದಕ್ಕೆ ಉಳಿದಿದ್ದದ್ದು ಎರಡೇ ಮರಿ. ಹೆತ್ತ ತಾಯಿಯನ್ನು ಮೂರು ದಿನ ಕದಲಿಸದೆ, ಆಮೇಲೆ ಎಣಿಸಿ ಬರೆಯುವುದು ವಾಡಿಕೆ. ಇಲಿಯಕ್ಕ ಐದು ಮರಿಗಳನ್ನೂ ಆ ತಾಯಿಯ ಗೂಡಿನ ಹೊಟ್ಟಿನಲ್ಲಿ ಹೊರಳಿಸಿ, ವಾಸನೆ ಹತ್ತಿಸಿ, ಮೆಲ್ಲನೆ ಹೊಟ್ಟೆಯ ಕೆಳಗೆ ತಳ್ಳಿದ್ದರು. ತಾಯಿ ಮೂಸಿ ನೋಡಿ ಮಲಗಿಕೊಂಡಿತು. ಚೀಟಿಯಲ್ಲಿ ಏಳು ಎಂದು ಬರೆದಾಯಿತು. ಯಾರಿಗೆ ನಷ್ಟ? ಮುಂದೆ ಹಾಲು ಬಿಡಿಸಿ, ಗೂಡು ಬದಲಿಸಿ, ನೂರಾರು ಮರಿಗಳ ನಡುವೆ ಅದು ಮರೆತೂ ಹೋಗಿತ್ತು.

"ದೇವರಿಗೆ ಹೇಳಿದ್ದೆ, ಚೀಟಿಗೆ ಹೇಳಲಿಲ್ಲ" ಎನ್ನುತ್ತಿದ್ದರು ಅವರು, ಎಷ್ಟೋ ವರ್ಷಗಳ ನಂತರ ಈ ಕಥೆ ಹೇಳುವಾಗ.

ಆ ಐದು ಕಿಟಕಿ ಸಾಲಿನವೇ ಅಲ್ಲ. ಗೋಡೆ ಸಾಲಿನ ಇಲಿಗೆ ಗೋಡೆ ಸಾಲಿನದೇ ಚರ್ಮ ಹಾಕಿದ್ದಾರೆ, ಅದು ನಿಲ್ಲದೆ ಇನ್ನೇನು? ಔಷಧಿಯ ಜಾಗದಲ್ಲಿ ನೀರು ಚುಚ್ಚಿದ್ದರೂ ನಿಲ್ಲುತ್ತಿತ್ತು.

ಮರುದಿನ ಎಂದಿನಂತೆ ಹೋಗಿ ಗೂಡು ತೊಳೆದು ಬಂದರು. ಸಂಜೆ ಪಾತ್ರೆ ತೊಳೆಯುತ್ತ ತಂಗಿಗೆ ಹೇಳಿದರು. ತಂಗಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಅಕ್ಕ, ಬಾಯಿಗೆ ಬೀಗ ಹಾಕ್ಕೋ. ಇಪ್ಪತ್ತು ಇಲಿ ಹೊಸದಾಗಿ ಮಾಡಿದ್ದಾರೆ ಅಂದೆಯಲ್ಲ, ಅವು ಬಿದ್ರೆ ಅವರಿಗೇ ಗೊತ್ತಾಗುತ್ತೆ."

"ಅದಕ್ಕೆ ಇವತ್ತಿಗೆ ಆರು ದಿನ ಕಣೇ. ಬೀಳೋಕೆ ಇನ್ನೂ ನಾಲ್ಕೈದು ದಿನ ಬೇಕು. ಆಪರೇಷನ್ನು ನಾಳೆ."

"ನಿನ್ನ ಮಾತು ಯಾರು ನಂಬ್ತಾರೆ? ಡಾಕ್ಟ್ರು ತಪ್ಪು ಅಂತ ಇಲಿ ಗುಡಿಸೋಳು ಹೇಳಿದ್ರೆ?"

"ಡಾಕ್ಟ್ರು ತಪ್ಪು ಅಂತ ಎಲ್ಲಿ ಹೇಳ್ತೀನಿ? ನಾನು ತಪ್ಪು ಅಂತ ತಾನೆ ಹೇಳೋದು. ಅದನ್ನ ಜನ ಬೇಗ ನಂಬ್ತಾರೆ."

ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗೆ ಸಣ್ಣ ಡಾಕ್ಟರು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಹೊಲಿಗೆಯವಳು ಆಸ್ಪತ್ರೆಯ ಬಟ್ಟೆ ತೊಟ್ಟು ಗೋಡೆಯ ಪಕ್ಕದ ಗಾಲಿಮಂಚದ ಮೇಲೆ ಕುಳಿತಿದ್ದಳು. ಇಲಿಯಕ್ಕ ಬಾಗಿಲಲ್ಲೇ ನಿಂತು, ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿ ಮುಗಿಸಿದರು.

ಡಾಕ್ಟರ ಮುಖ ಕಲ್ಲಾಯಿತು. "ಯಾರು ಹೇಳಿ ಕಳಿಸಿದ್ದು ನಿಮ್ಮನ್ನ? ದೊಡ್ಡ ಡಾಕ್ಟ್ರಾ?"

"ಇಲ್ಲ ಸಾರ್."

"ಒಂದು ವಾರ ಕಾಯೋಣ ಅಂತ ಅವರು ಬಡ್ಕೊಂಡ್ರು. ನಾನು ಕೇಳಲಿಲ್ಲ. ಈಗ ಕೊನೇ ಗಳಿಗೇಲಿ ನೀವು ಬಂದು ಮರಿ ಬದಲಾಗಿದೆ ಅಂತೀರಿ. ಮಗು ಅಲ್ಲಿ ದಿನಾ ಕರಗ್ತಾ ಇದೆ, ಗೊತ್ತಾ?"

"ಆ ಮಗೂಗೋಸ್ಕರವೇ ಬಂದಿದ್ದು. ಒಂದು, ಎರಡು ನಂಬರು ಆ ತಾಯಿಯ ಸ್ವಂತ ಮರಿ. ಉಳಿದವಕ್ಕಿಂತ ಮೂರು ದಿನ ದೊಡ್ಡವು. ಕಿವಿ ತೂತು ಹಾಕುವಾಗ ನಾನು ಯಾವಾಗಲೂ ದೊಡ್ಡದರಿಂದ ಶುರು ಮಾಡ್ತೀನಿ. ತೇಪೆ ಬಿದ್ದಿದ್ದು ಅವೆರಡರದೇ."

"ಬಿದ್ದಿದ್ದು ಯಾವುದು ಅಂತ ದಿನಾ ನೋಡೋ ನಿಮಗೆ ಗೊತ್ತಿರುತ್ತೆ. ಅದಕ್ಕೆ ತಕ್ಕ ಹಾಗೆ ಕಥೆ ಕಟ್ಟೋದು ಕಷ್ಟನಾ?"

ಇಲಿಯಕ್ಕನಿಗೆ ಅಳು ಬಂದುಬಿಟ್ಟಿತು. ಆದರೆ ಅಳುವಾಗಲೂ ಅವರ ತಲೆ ಗೂಡುಗಳ ನಡುವೆಯೇ ಓಡಾಡುತ್ತಿತ್ತು. "ಸಾರ್, ಎರಡನೇ ಬಾಟಲಿಗೆ ಗೂಡು ಆರಿಸೋಕೆ ಅಂತ ಬಂದು ನೀವೇ ಆ ಮರಿಗಳನ್ನ ನೋಡಿದ್ರಿ. ಎರಡು ವಾರದ ಮರಿ. ಏನೋ ಬರ್ಕೊಂಡ್ರಿ. ನನ್ನ ಮಾತು ಬೇಡ, ನಿಮ್ಮ ಪುಸ್ತಕ ನೋಡಿ."

ಡಾಕ್ಟರು ಒದ್ದೆ ಕೈಯಲ್ಲೇ ಗೂಟಕ್ಕೆ ನೇತುಹಾಕಿದ್ದ ಕೋಟಿನ ಜೇಬಿನಿಂದ ಪುಸ್ತಕ ಎಳೆದರು. ತೊಳೆದ ಕೈ ಕೆಟ್ಟಿತು, ಅದರ ಕಡೆ ಗಮನವಿರಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋಗಿ ಒಂದು ಕಡೆ ನಿಂತರು. ಗಾಲಿಮಂಚದ ಮೇಲಿದ್ದವಳು ಕತ್ತು ಚಾಚಿ, "ಜೋರಾಗಿ ಓದಿ ಡಾಕ್ಟ್ರೇ. ನನ್ನ ತೊಡೆ ವಿಷಯ" ಎಂದಳು.

ಅವರು ಓದಿದರು. "ಎರಡು ಮರಿ ಕಣ್ಣು ಬಿಟ್ಟಿವೆ. ಐದು ಇನ್ನೂ ಬಿಟ್ಟಿಲ್ಲ. ವಿಚಿತ್ರ."

ವಿಚಿತ್ರ ಎಂದು ಬರೆದು ಅಡಿಗೆರೆ ಕೂಡ ಎಳೆದಿದ್ದರು. ಒಟ್ಟಿಗೆ ಹುಟ್ಟಿದ ಮರಿಗಳು ಹೆಚ್ಚುಕಡಿಮೆ ಒಟ್ಟಿಗೇ ಕಣ್ಣು ಬಿಡುತ್ತವೆ. ಡಾಕ್ಟರು ಪುಸ್ತಕ ಮುಚ್ಚಿ, ಒದ್ದೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು. "ಇವತ್ತು ತಾಯಿಯಿಂದ ಏನೂ ತೆಗೆಯಲ್ಲ" ಎಂದು ನರ್ಸಿಗೆ ಹೇಳಿದರು.

ಅವರ ಬಾಯಿಂದ ಇಲಿಯಕ್ಕನಿಗೆ ಬೈಗುಳ ಬರಲಿಲ್ಲ. ಬೈದದ್ದು ಹೊಲಿಗೆಯವಳು. "ಕೊಡೋಕೆ ಅಂತ ಸಿದ್ಧವಾಗಿ ಕೂತಿದ್ದೆ. ನನ್ನದನ್ನ ಹಾಕಿದ್ರೆ ಒಂದೇ ಸಲಕ್ಕೆ ಮುಗೀತಿತ್ತು. ದೊಡ್ಡೋರು ದೊಡ್ಡೋರು ಕಿತ್ತಾಡ್ಕೊಂಡು ನಿನ್ನ ಕೈಲಿ ನಾಟಕ ಆಡಿಸಿದ್ರು. ನನ್ನ ಮಗಳಿಗೇನಾದ್ರೂ ಆದ್ರೆ ನಿನ್ನನ್ನ ಬಿಡಲ್ಲ."

ಹಾಕಿದ ಹನ್ನೊಂದನೆಯ ದಿನ ಹೊಸ ಇಪ್ಪತ್ತು ಇಲಿಗಳ ತೇಪೆಗಳು ಅಂಚಿನಲ್ಲಿ ಕಪ್ಪಾದವು. ಹದಿಮೂರನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಉದುರಿದ್ದನ್ನು ಹೊಟ್ಟಿನಿಂದ ಆರಿಸಿ ಬಟ್ಟಲಿಗೆ ಹಾಕಿದವರು ಇಲಿಯಕ್ಕನೇ. ಸಣ್ಣ ಡಾಕ್ಟರು ಎರಡನೆಯ ಬಾಟಲಿಯನ್ನು ತೊಟ್ಟಿಗೆ ಸುರಿದು, ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ತಾವೇ ಕಿತ್ತರು.

ಹುಡುಗಿಗೆ ಅವಳದೇ ಬೆನ್ನಿನಿಂದ ತೆಳ್ಳಗೆ ಚರ್ಮ ತೆಗೆದು, ಅಂಚೆಚೀಟಿಯಷ್ಟು ತುಂಡು ಮಾಡಿ, ಗಾಯದ ಮೇಲೆ ನಡುವೆ ಜಾಗ ಬಿಟ್ಟು ಹರಡಿದರು. ಬೆನ್ನು ಮಾಯಲು ಬಿಟ್ಟು ಮತ್ತೆ ತೆಗೆದರು. ನಾಲ್ಕು ಸಲ. ಏಳು ತಿಂಗಳು. ಒಮ್ಮೆ ಜ್ವರ ಏರಿ ಎಲ್ಲರೂ ಆಸೆ ಬಿಟ್ಟರು. ಆ ದಿನಗಳಲ್ಲಿ ಇಲಿಯಕ್ಕ ಬಾಗಿಲಿಗೆ ಅಂಗೈ ಒತ್ತಿ ನಿಲ್ಲುವ ಗಳಿಗೆ ಉದ್ದವಾಯಿತೆಂದು ಗೇಟಿನ ತಾತ ಹೇಳುತ್ತಿದ್ದ. ವಾರ್ಡಿನ ಮುಂದೆ ಹಾದುಹೋಗುವಾಗ ಹೊಲಿಗೆಯವಳು ಮುಖ ತಿರುಗಿಸುತ್ತಿದ್ದಳು. ತುಂಡುಗಳು ಒಂದಕ್ಕೊಂದು ಸೇರಿ ಗಾಯ ಮುಚ್ಚಿತು. ಗೆರೆಗೆರೆಯಾಗಿ, ಚೌಕಚೌಕವಾಗಿ, ಆದರೆ ಮುಚ್ಚಿತು.

ಮನೆಗೆ ಹೊರಟ ದಿನ ಹೊಲಿಗೆಯವಳು ಪ್ರಾಣಿಮನೆಯ ಬಾಗಿಲಿಗೆ ಬಂದಳು. ಒಬ್ಬಳೇ. ಮಗಳು ಗೇಟಿನಲ್ಲಿ ತಾತನ ಕುರ್ಚಿಯ ಮೇಲೆ ಕುಳಿತಿದ್ದಳು.

"ಎಲ್ಲಿ, ಆ ಐದನ್ನ ತೋರ್ಸು."

ನಾಲ್ಕೇ ಉಳಿದಿದ್ದವು, ಮುದಿಯಾಗಿ. ಇಲಿಯಕ್ಕ ಒಂದನ್ನು ಎತ್ತಿ ಹಿಡಿದರು. ಹೊಲಿಗೆಯವಳು ಮೂಗು ಮುಚ್ಚಿಕೊಂಡೇ ಒಂದು ಬೆರಳು ಚಾಚಿ ಕತ್ತಿನಿಂದ ಬಾಲದವರೆಗೆ ಎಳೆದಳು. ನಡುವೆ ಬೆರಳು ತಡೆಯಿತು.

"ಮಖಮಲ್ಲಿನ ತುಂಡನ್ನ ತಿರುಗುಮುರುಗಾ ಹೊಲಿದಂಗಿದೆ. ನಾನು ಹೀಗೆ ಹೊಲಿದ್ರೆ ಗಿರಾಕಿ ಮುಖಕ್ಕೆ ಎಸೀತಾರೆ." ಸ್ವಲ್ಪ ನಕ್ಕಳು. "ಬಿದ್ದಿದ್ದು?"

ಇಲಿಯಕ್ಕ ಹೊಸ ಇಪ್ಪತ್ತರಲ್ಲೊಂದನ್ನು ತೆಗೆದರು. ಬೆನ್ನ ಮೇಲೆ ಕೂದಲಿಲ್ಲದ, ಸೊಟ್ಟನೆಯ ಕಲೆ. ಅದರ ಮೇಲೆ ಅವಳ ಬೆರಳು ಬಹಳ ಹೊತ್ತು ಇತ್ತು.

"ಅಮ್ಮಂದೇ ಹಾಕಿದ್ರೂ ಹೀಗೇ ಆಗ್ತಿತ್ತಾ?"

"ಆಗ್ತಿತ್ತು ತಂಗಿ. ಹದಿನೈದು ದಿನ ನಿಂತಿರ್ತಿತ್ತು, ಆಮೇಲೆ."

"ನೀನು ಹೇಳೋದನ್ನ ನಾನಿನ್ನೂ ಪೂರ್ತಿ ನಂಬಿಲ್ಲ, ತಿಳ್ಕೋ."

"ನಂಬಬೇಡ. ಅದಕ್ಕೇ ಮುಟ್ಟಿ ನೋಡು ಅಂತ ಕೊಟ್ಟಿದ್ದು."

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಆ ನಾಲ್ಕರ ಗೂಡಿನ ಚೀಟಿಯತ್ತ ಬಗ್ಗಿದಳು. ಏಳು ಎಂಬುದನ್ನು ಒಂದು ಗೆರೆಯಿಂದ ಹೊಡೆದು ಕೆಳಗೆ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು. "ಸ್ವಂತ ಮರಿ ಎರಡು. ಗೋಡೆ ಸಾಲಿನಿಂದ ತಂದು ಸೇರಿಸಿದ್ದು ಐದು. ಸೇರಿಸಿ, ಬರೆಯದೆ ಬಿಟ್ಟವರು..."

ಅಲ್ಲಿ ಒಂದು ಪೂರ್ತಿ ಹೆಸರಿತ್ತು, ತಂದೆಯ ಹೆಸರಿನ ಸಮೇತ.

"ಇದ್ಯಾರು?" ಎಂದು ಕೇಳಿದಳು.

"ನಾನೇ" ಎಂದರು ಇಲಿಯಕ್ಕ.